ಕಾಯಿಸುವ ಹೊತ್ತು

ಟೋಕಿಯೊ
ಏಪ್ರಿಲ್ 3, 2023

ಮಾನ್ಯ ತೋಗಾನೊ ಚಿಗುಸಾ ಅವರಿಗೆ,

ಈ ವರ್ಷ ಚೆರಿ ಹೂಗಳು ಹತ್ತು ದಿನ ಮೊದಲೇ ಅರಳಿ, ಉದುರಿಯೂ ಹೋದವು. ನಾರಾದಲ್ಲಿ ಇನ್ನೂ ಒಂದಿಷ್ಟು ಉಳಿದಿರಬಹುದು. ಬೆಳಗಿನ ಹೊತ್ತು ಇಲ್ಲಿ ಇನ್ನೂ ಚಳಿಯಿದೆ. ತಾವೂ ತಮ್ಮ ತಾಯಿಯವರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಹತ್ತೊಂಬತ್ತು ವರ್ಷಗಳ ನಂತರ ಹೀಗೆ ಏಕಾಏಕಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಬರುವ ಫೆಬ್ರವರಿಯಲ್ಲಿ ಇಲ್ಲಿನ ಒಂದು ವಾದ್ಯವೃಂದದವರು ನಾನು ರಚಿಸಿದ ‘ಬಿಡುವಿಲ್ಲದ ಉಸಿರು’ ಕೃತಿಯನ್ನು ಮತ್ತೆ ನುಡಿಸಲಿದ್ದಾರೆ. ನೀವು ಮೊದಲ ಸಲ ನುಡಿಸಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ಶೋ ವಾದ್ಯ ನುಡಿಸುವವರು ಮಿನೆಗಿಷಿ ಎಂಬುವರು. ಮೊನ್ನೆ ನನ್ನ ಮನೆಗೆ ಬಂದು ಪುಟಗಳನ್ನು ತಿರುವಿಹಾಕಿದರು. ಐದು ನಿಮಿಷವೂ ಆಗಿರಲಿಲ್ಲ, ತಲೆಯೆತ್ತಿ ಕೇಳಿದರು: “ಸೆನ್ಸೈ, ಇದ್ರಲ್ಲಿ ವಾದ್ಯ ಕಾಯಿಸ್ಕೊಳ್ಳೋದು ಎಲ್ಲಿ?”

ಎಲ್ಲೂ ಇಲ್ಲ ಎಂದು ಒಪ್ಪಿಕೊಂಡೆ. ಆ ಹದಿನೇಳು ಬಿದಿರಿನ ಕೊಳವೆಗಳಲ್ಲಿ ಎರಡು ಮೂಕ, ರೀಡಿರುವ ಹದಿನೈದು ಉಸಿರು ಬಿಟ್ಟಾಗಲೂ ನುಡಿಯುತ್ತವೆ, ಉಸಿರು ಎಳೆದುಕೊಂಡಾಗಲೂ ನುಡಿಯುತ್ತವೆ. ಹಾಗಾಗಿ ಈ ವಾದ್ಯಕ್ಕೆ ವಿರಾಮವೇ ಬೇಕಿಲ್ಲ ಎಂದುಕೊಂಡು ಇಪ್ಪತ್ತೆರಡು ನಿಮಿಷ ಒಂದೇ ಸಮನೆ ಬರೆದಿದ್ದೆ. ಬಾಯಿಯ ಆವಿ ಒಳಗೆ ನೀರಾಗಿ ಲೋಹದ ಆ ರೀಡುಗಳ ಮೇಲೆ ಕೂರುತ್ತದೆ, ನಡುವೆ ಬೆಂಕಿಯ ಮೇಲೆ ಹಿಡಿದು ಕಾಯಿಸಿಕೊಳ್ಳದಿದ್ದರೆ ಅವು ಒಂದೊಂದಾಗಿ ಸ್ವರ ಬಿಟ್ಟುಬಿಡುತ್ತವೆ ಎಂಬುದು ನನಗೆ ಈಗ ತಿಳಿಯಿತು. ಅಂದು ವೇದಿಕೆಯ ಮೇಲೆ ಆದದ್ದು ನಿಮ್ಮ ತಪ್ಪಲ್ಲ, ನನ್ನದು.

ಇನ್ನೊಂದು ಬಿನ್ನಹ. ಫೆಬ್ರವರಿಯಲ್ಲಿ ಅದನ್ನು ನೀವೇ ನುಡಿಸಬೇಕೆಂದು ನನ್ನ ಆಸೆ. ಕಾಯಿಸಿಕೊಳ್ಳಲು ಬೇಕಾದ ಜಾಗವನ್ನು ಬಿಟ್ಟು ತಿದ್ದಿ ಬರೆಯುತ್ತೇನೆ. ಯೋಚಿಸಿ ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ಗೌರವಪೂರ್ವಕವಾಗಿ,
ಅರಿಮುರಾ ಕಯಾನೊ

---

ನಾರಾ
ಏಪ್ರಿಲ್ 12

ಕಯಾನೊ,

ನಾರಾದ ಹೂವೂ ಉದುರಿದವು. ಅಮ್ಮ ಚೆನ್ನಾಗಿದ್ದಾಳೆ. ಎಂಬತ್ತಾರು ವರ್ಷ, ಬೆಳಿಗ್ಗೆ ಎರಡು ಬಟ್ಟಲು ಚಹಾದ ಗಂಜಿ ಕುಡಿದು ನನ್ನ ಅಡುಗೆಗೆ ಹೆಸರಿಡುತ್ತಾಳೆ. ಹವಾಮಾನ ಮತ್ತು ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಸೆಂದಾಗಿಯ ಆ ಬಾಡಿಗೆ ಕೋಣೆಯಲ್ಲಿ ಒಂದೇ ಹೊದಿಕೆಯೊಳಗೆ ಕಾಲು ತೂರಿಸಿಕೊಂಡು ನಾಲ್ಕು ಚಳಿಗಾಲ ಕಳೆದವರು ನಾವು. ನನಗೆ ‘ಮಾನ್ಯ’ ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ನಾನು ಈಗ ನುಡಿಸುವುದಿಲ್ಲ. ಅಪ್ಪನ ಕೆಲಸವನ್ನು ಮುಂದುವರಿಸಿದ್ದೇನೆ. ಬೇರೆಯವರ ವಾದ್ಯಗಳು ಅಂಚೆಯಲ್ಲಿ ಬರುತ್ತವೆ. ಬಿಚ್ಚಿ, ಹಳೆಯ ಮೇಣ ತೆಗೆದು, ಹಸಿರು ಕಲ್ಲನ್ನು ನೀರಿನಲ್ಲಿ ತೇಯ್ದು ರೀಡುಗಳಿಗೆ ಬಳಿದು, ಒಂದೊಂದನ್ನೂ ಶ್ರುತಿಗೆ ತಂದು ವಾಪಸು ಕಳಿಸುತ್ತೇನೆ. ನಮ್ಮವರು ಇದನ್ನು ತೊಳೆಯುವುದು ಎನ್ನುತ್ತಾರೆ. ನಿನ್ನ ಮಿನೆಗಿಷಿಯವರ ವಾದ್ಯ ತೊಳೆಯುವವಳೂ ನಾನೇ. ಆಕೆ ಚೆನ್ನಾಗಿ ನುಡಿಸುತ್ತಾರೆ. ಅವರೇ ನುಡಿಸಲಿ.

ಇನ್ನು, ‘ನನಗೆ ಈಗ ತಿಳಿಯಿತು’ ಎಂಬ ನಿನ್ನ ಮಾತು. ಆ ಸಾಲನ್ನು ಮೂರು ಸಲ ಓದಿದೆ. ಯಾವ ಸಭಾಂಗಣಕ್ಕೆ ಕಾಲಿಟ್ಟರೂ ಚಪ್ಪಾಳೆ ತಟ್ಟಿ, ಸದ್ದು ಅಡಗಲು ಎಷ್ಟು ಸೆಕೆಂಡು ಎಂದು ಎಣಿಸುತ್ತಿದ್ದವಳು ನೀನು. ಅಂಥವಳಿಗೆ ಹತ್ತೊಂಬತ್ತು ವರ್ಷ ಇದೊಂದು ಗೊತ್ತಾಗಲಿಲ್ಲ ಎಂದರೆ ನಾನು ನಂಬಬೇಕೇ? ಸುಳ್ಳು ಹೇಳುವುದಕ್ಕೆ ಅಂಚೆಚೀಟಿ ದಂಡ ಮಾಡಬೇಡ.

ಚಿಗುಸಾ

---

ಟೋಕಿಯೊ
ಏಪ್ರಿಲ್ 20

ಚಿಗುಸಾ,

ಮೂರನೆಯ ದಿನವೇ ಗೊತ್ತಾಯಿತು.

ಮರೆತು ಬಂದಿದ್ದ ಮಫ್ಲರ್ ತರಲು ಸಭಾಂಗಣಕ್ಕೆ ಹೋಗಿದ್ದೆ. ವೇದಿಕೆ ನೋಡಿಕೊಳ್ಳುವ ಮುದುಕರು ಅದನ್ನು ಕೈಗೆ ಕೊಡುತ್ತ ಹೇಳಿದರು: “ಶೋ ನುಡಿಸೋರು ಪಕ್ಕದಲ್ಲಿ ಅಗ್ಗಿಷ್ಟಿಕೆ ಇಟ್ಕೊಂಡೇ ಕೂತಿರ್ತಾರಲ್ಲಮ್ಮ. ಆಕೇನೂ ಇಟ್ಕೊಂಡಿದ್ರು. ಪಾಪ, ಅದರ ಕಡೆ ತಿರುಗೋದಕ್ಕೂ ಪುರುಸೊತ್ತು ಕೊಡಲಿಲ್ವಲ್ಲ ನೀವು.” ಆ ದಿನ ಬೆಳಿಗ್ಗೆ ತಾನೇ ಪತ್ರಿಕೆಯಲ್ಲಿ ವಿಮರ್ಶೆ ಬಂದಿತ್ತು. ‘ರಚನೆ ಅಪೂರ್ವ, ವಾದಕಿಯ ಸಿದ್ಧತೆ ಸಾಲದು.’ ಆ ಸಾಲು ನಿನಗೆ ಬಾಯಿಪಾಠ ಆಗಿರುತ್ತದೆ. ನನಗೂ ಆಗಿದೆ.

ಸಂಪಾದಕರಿಗೆ ಎರಡು ಮಾತು ಬರೆದಿದ್ದರೆ ಸಾಕಿತ್ತು. ಬರೆಯಲು ಕೂತೆ. ಆದರೆ ಈ ಕೃತಿಯನ್ನೂ ಪರಿಗಣಿಸಿದ್ದ ಪ್ರಶಸ್ತಿ ಸಮಿತಿಯ ಸಭೆ ಮುಂದಿನ ತಿಂಗಳಿತ್ತು. ಈ ವಾದ್ಯಕ್ಕೆ ಕೃತಿ ಬರೆದವಳಿಗೆ ವಾದ್ಯದ ಗಂಧಗಾಳಿಯೂ ಇಲ್ಲ ಎಂದು ಎಲ್ಲರೂ ನಗುತ್ತಾರೆ ಎನ್ನಿಸಿತು. ಪ್ರಶಸ್ತಿಯದು ತೀರ್ಮಾನವಾಗಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ. ಪ್ರಶಸ್ತಿ ಬಂತು. ಈಗ ಬರೆದರೆ ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ ಎಂದು ಹೆದರಿದೆ. ಹೀಗೇ ವರ್ಷಗಳು ಹೋದವು.

ನೀನು ವೇದಿಕೆ ಹತ್ತುವುದನ್ನು ಬಿಟ್ಟೆ ಎಂದು ಬೇರೆಯವರ ಬಾಯಲ್ಲಿ ಕೇಳಿದೆ. ಆ ದಿನ ನನಗೆ ಊಟ ಸೇರಲಿಲ್ಲ ಎಂದು ಬರೆಯಬಹುದು. ಆದರೆ ಸೇರಿತು. ಅದನ್ನೂ ಹೇಳಿಬಿಡುತ್ತೇನೆ.

ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಫೆಬ್ರವರಿಯಲ್ಲಿ ಕೇಳಲು ಬಂದವರಿಗೆಲ್ಲ ಹಂಚುವ ಕಾರ್ಯಕ್ರಮದ ಪುಸ್ತಿಕೆಯಲ್ಲಿ, ನಡೆದದ್ದನ್ನು ನಡೆದ ಹಾಗೆ ನನ್ನ ಹೆಸರು ಹಾಕಿ ಬರೆಯುತ್ತೇನೆ. ನೀನು ನುಡಿಸಿದರೂ ಬರೆಯುತ್ತೇನೆ, ನುಡಿಸದಿದ್ದರೂ ಬರೆಯುತ್ತೇನೆ.

ಕಯಾನೊ

---

(ಅಂಚೆ ಕಾರ್ಡು)

ನಾರಾ
ಜೂನ್ 28

ಕಯಾನೊ-ಸಾನ್‌ಗೆ,

ನಾನು ಚಿಗುಸಾಳ ತಾಯಿ. ಇದನ್ನು ಅವಳಿಗೆ ತಿಳಿಯದ ಹಾಗೆ ಡಬ್ಬಿಗೆ ಹಾಕಿಸುತ್ತಿದ್ದೇನೆ. ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದಳು, ಮೂರು ಸಲವೂ ಹರಿದುಹಾಕಿದಳು. ನಾನು ಚೂರು ಜೋಡಿಸಿ ಓದಿದೆ. ಮೊದಲನೆಯದರಲ್ಲಿ ಬೈದಿದ್ದಳು. ಮೂರನೆಯದರಲ್ಲಿ ಬೈದಿರಲಿಲ್ಲ.

ನಿನ್ನೆ ಕೇಳಿದೆ, “ಮಳೆಗಾಲ ಮುಗಿಯೋದ್ರೊಳಗೆ ಆ ಹುಡುಗಿಗೆ ಉತ್ತರ ಹಾಕ್ತೀಯೋ ಇಲ್ವೋ?” “ಹುಡುಗಿಗೆ ಐವತ್ತೆಂಟು ವರ್ಷ ಅಮ್ಮ” ಅಂದು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ವಾದ್ಯ ಕೇಳಿಸಿತು. ಶ್ರುತಿ ನೋಡುವಾಗಿನ ಸದ್ದು ಬೇರೆ, ಅದು ನನಗೆ ದಿನಾ ಕೇಳಿ ಗೊತ್ತು. ಇದು ಅದಲ್ಲ, ನುಡಿಸಿದ್ದು.

ನೀನು ಮತ್ತೆ ಬರೆಯಬೇಡ, ತೆಪ್ಪಗಿರು. ಒತ್ತಾಯ ಮಾಡಿದರೆ ಇವಳು ಇನ್ನೂ ಹಟ ಹಿಡಿಯುತ್ತಾಳೆ.

ತೋಗಾನೊ ಸೊಯೊ

---

ನಾರಾ
ಆಗಸ್ಟ್ 17

ಕಯಾನೊ,

ಅಮ್ಮ ನಿನಗೆ ಕಾರ್ಡು ಹಾಕಿದ ವಿಷಯ ಅಂಚೆ ಕಚೇರಿಯಲ್ಲೇ ಹೇಳಿದರು. ಈ ಬೀದಿಯಲ್ಲಿ ಗುಟ್ಟು ಎಂಬುದು ನಿಲ್ಲುವುದಿಲ್ಲ. ಆದರೂ ಒಂದು ಗುಟ್ಟು ಇಪ್ಪತ್ತು ವರ್ಷ ನಿಂತಿದೆ, ಅದನ್ನು ಹೇಳುತ್ತೇನೆ. ಮೊನ್ನೆ ಓಬೊನ್‌ಗೆ, ಹಿರಿಯರ ಹಬ್ಬಕ್ಕೆ, ಅಪ್ಪನ ಸಮಾಧಿಗೆ ನೀರೆರೆದು ಬಂದೆ. ಇದು ಗೊತ್ತಿದ್ದವನು ಅಪ್ಪ ಒಬ್ಬನೇ.

ನಿನ್ನ ಹಸ್ತಪ್ರತಿ ನನ್ನ ಕೈಗೆ ಬಂದ ದಿನವೇ ನನಗೆ ಎಲ್ಲ ಗೊತ್ತಾಗಿತ್ತು.

ಸೆಪ್ಟೆಂಬರ್ ತಿಂಗಳು, ಉಎನೊದ ಕಾಫಿ ಅಂಗಡಿ. ನೀನು ಕಪ್ಪುಗಳನ್ನು ಅತ್ತ ಸರಿಸಿ ಪುಟಗಳನ್ನು ಹರಡಿದೆ. “ನೋಡೇ, ಒಂದು ಕಡೆನಾದ್ರೂ ವಿರಾಮ ಇದೆಯಾ? ನಿಲ್ಲದೆ ಹಾಡೋ ವಾದ್ಯ ಅಂದ್ರೆ ನಿಂದೊಂದೇ ಕಣೇ” ಅಂದೆ. ನಿನ್ನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ‘ಇದು ಆಗುವುದಿಲ್ಲ’ ಎಂಬ ಮಾತು ನನ್ನ ಬಾಯಿಯವರೆಗೆ ಬಂದು ವಾಪಸು ಹೋಯಿತು. ಅಭ್ಯಾಸದ ಹೊತ್ತಿಗೆ ಹೇಳೋಣ ಎಂದುಕೊಂಡೆ. ಆಗ ಇನ್ನೂ ಸೆಕೆ, ಸಣ್ಣ ಕೋಣೆ, ನೀರು ಕೂರಲೇ ಇಲ್ಲ. ವೇದಿಕೆಯ ಮೇಲಿನ ಅಭ್ಯಾಸದ ದಿನ ಎಂಟು ಹತ್ತು ಕಡೆ ನಿಲ್ಲಿಸಿ ನಿಲ್ಲಿಸಿ ನುಡಿಸಿದೆವು. ನಿಲ್ಲಿಸಿದಾಗಲೆಲ್ಲ ನಾನು ಕಾಯಿಸಿಕೊಂಡೆ, ನೀನು ಅತ್ತ ತಿರುಗಿ ವಾದ್ಯವೃಂದದ ನಿರ್ದೇಶಕರ ಜೊತೆ ಮಾತಾಡುತ್ತಿದ್ದೆ.

ಎಲ್ಲರ ಎದುರು ಹೇಳಿದರೆ ನಿನಗೆ ಅವಮಾನ ಎಂದು ಸುಮ್ಮನಾದೆ. ಒಬ್ಬಳೇ ಸಿಕ್ಕಾಗ, ಈಗ ಹೇಳಿದರೆ ಪಾಪ ಎಲ್ಲ ತಿದ್ದಬೇಕಲ್ಲ ಎಂದು ಸುಮ್ಮನಾದೆ. ಅಪ್ಪ ಫೋನಿನಲ್ಲಿ ಅಂದ, “ಹೇಳಿಬಿಡೇ. ಬೇಜಾರು ಮಾಡ್ಕೊಂಡ್ರೆ ಎರಡು ದಿನ ಮಾಡ್ಕೊಳ್ತಾಳೆ.” ನಾನು ಹೇಳಲಿಲ್ಲ. ನಾನೇನು ಸಾಮಾನ್ಯಳೇ, ಹೇಗೋ ದಡ ಮುಟ್ಟಿಸುತ್ತೇನೆ ಎಂಬ ಜಂಬವೂ ಇತ್ತು.

ಹದಿನಾಲ್ಕನೆಯ ನಿಮಿಷಕ್ಕೆ ಮೊದಲ ರೀಡು ನಿಂತಿತು. ಉಳಿದ ಎಂಟು ನಿಮಿಷದಲ್ಲಿ ನಾನು ಸತ್ತು ಹುಟ್ಟಿದೆ. ಮುಗಿದ ಮೇಲೆ ನೀನು ಹತ್ತಿರ ಬರುತ್ತೀಯ ಎಂದು ಕಾದೆ. ನೀನು ನನ್ನ ಕಡೆ ನೋಡದೆ ಕೋಟು ಹಾಕಿಕೊಂಡು ಹೊರಟುಹೋದೆ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಪತ್ರಿಕೆಯವರು ಏನು ಬರೆದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಸಿಟ್ಟನ್ನು ಸಾಕಿಕೊಂಡು ಬಂದವಳು ನನ್ನ ಪಾಲನ್ನು ಮರೆತೇಬಿಟ್ಟೆ.

ಆದ್ದರಿಂದ ಆ ಪುಸ್ತಿಕೆಯಲ್ಲಿ ತಪ್ಪೆಲ್ಲ ನಿನ್ನದೇ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಚಿಗುಸಾ

---

ಟೋಕಿಯೊ
ಆಗಸ್ಟ್ 24

ಚಿಗುಸಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಓದಿ ಅತ್ತೆ. ನೀನು ಅಂದೇ ಹೇಳಿದ್ದರೆ ನಾನು ಎರಡು ದಿನವಲ್ಲ, ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ. ಅಷ್ಟೇ ಆಗುತ್ತಿತ್ತು. ಒಂದು ವಾರಕ್ಕೆ ಮುಗಿಯುವುದನ್ನು ನಾವಿಬ್ಬರೂ ಸೇರಿ ಎಷ್ಟು ಎಳೆದೆವು.

ಕೆಲಸದ ಮಾತು ಕೇಳುತ್ತೇನೆ, ಬೇರೇನೂ ಬರೆಯಲು ತೋಚುತ್ತಿಲ್ಲ. ವಾದ್ಯ ಕಾಯಿಸಲು ಎಷ್ಟು ಹೊತ್ತು ಬೇಕು? ಹನ್ನೊಂದನೆಯ ನಿಮಿಷದ ಕೊನೆಗೆ ತೊಂಬತ್ತು ಸೆಕೆಂಡು ಬಿಡಬಹುದು. ಆ ಹೊತ್ತಿನಲ್ಲಿ ಪಿಟೀಲುಗಳು ಮೆಲ್ಲಗೆ ಒಂದೇ ಸ್ವರ ಹಿಡಿದಿದ್ದರೆ ಜನರ ಗಮನ ನಿನ್ನ ಕಡೆ ಹೋಗುವುದಿಲ್ಲ.

ಕಯಾನೊ

---

ನಾರಾ
ಸೆಪ್ಟೆಂಬರ್ 5

ಕಯಾನೊ,

ತೊಂಬತ್ತು ಸೆಕೆಂಡಂತೆ. ಅನ್ನಕ್ಕೂ ಗಡಿಯಾರ ನೋಡಿಯೇ ಒಲೆ ಆರಿಸುತ್ತಿದ್ದವಳು ನೀನು. ಅದಕ್ಕೇ ನಿನ್ನ ಸರದಿಯ ದಿನ ಅನ್ನ ಒಂದೋ ಬೇಯುತ್ತಿರಲಿಲ್ಲ, ಇಲ್ಲವೇ ತಳ ಹಿಡಿಯುತ್ತಿತ್ತು.

ಇದಕ್ಕೆ ಲೆಕ್ಕ ಇಲ್ಲ. ಅಗ್ಗಿಷ್ಟಿಕೆಯ ಮೇಲೆ ವಾದ್ಯವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತೇವೆ. ಈಗಿನದು ಕರೆಂಟಿನ ಅಗ್ಗಿಷ್ಟಿಕೆ, ಆದರೂ ಕೆಲಸ ಅದೇ. ನಡುವೆ ಬುಡದ ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡುತ್ತೇವೆ. ಮಳೆ ಹಿಡಿದ ದಿನ ಹೆಚ್ಚು ಹೊತ್ತು ಬೇಕು. ಜನ ತುಂಬಿ ಬೆಚ್ಚಗಿದ್ದರೆ ಬೇಗ ಆಗುತ್ತದೆ. ಆಯಿತೋ ಇಲ್ಲವೋ ಎಂದು ನುಡಿಸುವವಳು ಹೇಳಬೇಕು, ಬೇರೆ ಯಾರಿಗೂ ತಿಳಿಯುವುದಿಲ್ಲ.

ಮತ್ತೆ, ಆ ಪಿಟೀಲು ಬೇಡ. ಕಾಯಿಸುವುದು ನಾಚಿಕೆಯ ಕೆಲಸವೇನಲ್ಲ. ಎಲ್ಲರೂ ಸುಮ್ಮನೆ ಕೂರಲಿ, ನೋಡುವವರು ನೋಡಲಿ.

ಚಿಗುಸಾ

---

ಟೋಕಿಯೊ
ಅಕ್ಟೋಬರ್ 30

ಚಿಗುಸಾ,

ಇದರ ಜೊತೆ ಒಂದು ಪುಟ ಇಟ್ಟಿದ್ದೇನೆ. ಬರೆಯಲು ಆರು ವಾರ ಹಿಡಿಯಿತು. ಅದರಲ್ಲಿ ಒಂದೂ ಸ್ವರ ಇಲ್ಲ. ಇಡೀ ವಾದ್ಯವೃಂದಕ್ಕೆ ವಿರಾಮ, ಮೇಲೆ ‘ಬೆಚ್ಚಗಾಗುವವರೆಗೆ’ ಎಂಬ ಒಂದೇ ಮಾತು. ಎಷ್ಟು ಸೆಕೆಂಡು ಎಂದು ಬರೆಯದೆ ಬಿಟ್ಟದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಮೂರು ಸಲ ಪೆನ್ಸಿಲಿನಲ್ಲಿ 90 ಎಂದು ಬರೆದು ಮೂರು ಸಲವೂ ಅಳಿಸಿದೆ. ಬೆಳಕಿಗೆ ಹಿಡಿದರೆ ನಿನಗೆ ಗುರುತು ಕಾಣುತ್ತದೆ.

ನಿರ್ದೇಶಕ ಓಗುರಾ-ಸಾನ್ ನೋಡಿ ಗಾಬರಿಯಾದರು. “ಎಷ್ಟು ಹೊತ್ತು ಕೈ ಕಟ್ಕೊಂಡು ನಿಂತಿರ್ಲಿ ನಾನು?” ಎಂದರು.

“ಅವರು ತಲೆಯಾಡಿಸೋ ತನಕ.”

“ಜನ ಎದ್ದು ಹೋದ್ರೆ?”

“ಹೋದ್ರೆ ಹೋಗ್ಲಿ ಬಿಡಿ” ಎಂದೆ. ನನ್ನ ಬಾಯಲ್ಲಿ ಈ ಮಾತು ಬಂದದ್ದಕ್ಕೆ ಅವರಿಗಿಂತ ನನಗೇ ಆಶ್ಚರ್ಯವಾಯಿತು.

ಇನ್ನೊಂದು ವಿಷಯ. ಮಿನೆಗಿಷಿಯವರು ತಾವು ನುಡಿಸುವುದಿಲ್ಲ ಎಂದುಬಿಟ್ಟಿದ್ದಾರೆ. “ನನ್ನ ವಾದ್ಯಕ್ಕೆ ಶ್ರುತಿ ಕೊಡೋರು ಅವ್ರು. ಅವ್ರು ನಾರಾದಲ್ಲಿ ಕೂತಿರುವಾಗ ಇದನ್ನ ನಾನು ನುಡಿಸಿದ್ರೆ, ಮುಂದಿನ ಸಲ ಯಾವ ಮುಖ ಇಟ್ಕೊಂಡು ತೊಳೆಯೋದಕ್ಕೆ ಕಳಿಸ್ಲಿ ಸೆನ್ಸೈ?” ಎಂದು ನನ್ನನ್ನೇ ಕೇಳಿದರು. ನೀನು ಬಾರದಿದ್ದರೆ ಈ ಕೃತಿ ಆ ದಿನ ಇರುವುದಿಲ್ಲ. ಇದು ಬೆದರಿಕೆಯಲ್ಲ, ಇದ್ದ ವಿಷಯ ಹೇಳಿದೆ.

ಪುಸ್ತಿಕೆಗೆ ಹೀಗೆ ಬರೆದಿದ್ದೇನೆ: ‘2004ರಲ್ಲಿ ಈ ಕೃತಿ ನಡುವೆ ಕೆಟ್ಟದ್ದು ನನ್ನ ರಚನೆಯ ತಪ್ಪಿನಿಂದ. ವಾದ್ಯವನ್ನು ಕಾಯಿಸಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಅದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ, ದೂರೆಲ್ಲ ವಾದಕಿಯ ಮೇಲೆ ಹೋಯಿತು. ಆಕೆಗೆ ಮೊದಲೇ ಗೊತ್ತಿತ್ತು. ನನ್ನ ಮೇಲಿನ ಪ್ರೀತಿಯಿಂದ ಹೇಳಲಿಲ್ಲ.’ ಓದಿ, ತಿದ್ದಿ ಕಳಿಸು.

ಕಯಾನೊ

---

ನಾರಾ
ನವೆಂಬರ್ 18

ಕಯಾನೊ,

‘ಪ್ರೀತಿಯಿಂದ’ ಎಂಬುದನ್ನು ಹೊಡೆದುಹಾಕಿ ‘ಪ್ರೀತಿಯಿಂದಲೂ ಜಂಬದಿಂದಲೂ’ ಎಂದು ಮಾಡಿದ್ದೇನೆ. ಉಳಿದದ್ದು ಸರಿಯಾಗಿದೆ. ಇಷ್ಟು ವರ್ಷ ಯಾರಾದರೂ ಆ ಎರಡು ಸಾಲು ಬರೆಯಲಿ ಎಂದು ಕಾದಿದ್ದೆ, ಬಂದ ಮೇಲೆ ಅವು ಇಷ್ಟೇನಾ ಎನ್ನಿಸಿತು. ಆಮೇಲೆ ಮತ್ತೆ ಮತ್ತೆ ಓದಿದೆ.

ನನಗೆ ಭಯ ಕಣೇ. ಒಬ್ಬಳೇ ಇದ್ದಾಗ ನುಡಿಯುತ್ತದೆ. ಎದುರಿಗೆ ಜನ ಕೂತಿದ್ದಾರೆ ಎಂದು ನೆನೆದರೆ ಸಾಕು, ಹದಿನಾಲ್ಕನೆಯ ನಿಮಿಷ ಬಂದು ಬೆರಳು ಬೆವರುತ್ತದೆ. ಹೋದ ವಾರ ಅಪ್ಪನ ವಾದ್ಯವನ್ನು ಬಿಚ್ಚಿ ತೊಳೆಯಲು ಕೂತೆ. ಅಮ್ಮ ಬಾಗಿಲಲ್ಲಿ ನಿಂತು, “ಯಾರದು ಅದು?” ಎಂದಳು. “ನಂದೇ” ಎಂದೆ.

ಬರುತ್ತೇನೆ ಎಂದು ನಾನು ಇನ್ನೂ ಹೇಳಿಲ್ಲ. ಆದರೆ ಅಮ್ಮ ಪಕ್ಕದ ಮನೆಯವರಿಗೆ ಹೇಳಿ ಫೆಬ್ರವರಿ ಹದಿನೇಳಕ್ಕೆ ರೈಲಿನ ಎರಡು ಟಿಕೆಟ್ ತೆಗೆಸಿದ್ದಾಳೆ. ಅಭ್ಯಾಸಕ್ಕೆ ಅಂತ ಎರಡು ದಿನ ಮೊದಲೇ ಬರಬೇಕು ಎಂಬುದು ಪಾಪ ಅವಳಿಗೆ ಗೊತ್ತಿಲ್ಲ. ಬದಲಾಯಿಸಬೇಕು.

ಚಿಗುಸಾ

---

ಟೋಕಿಯೊ
ಫೆಬ್ರವರಿ 19, 2024

ಚಿಗುಸಾ,

ಮೊನ್ನೆ ಹೊರಗಿನ ಮೊಗಸಾಲೆಯಲ್ಲಿ ನಿನ್ನ ಕೈ ಹಿಡಿದುಕೊಂಡಾಗ ಏನೇನೋ ಹೇಳಬೇಕೆಂದಿದ್ದೆ. ಸುತ್ತ ಜನ, ನಿನಗೆ ರೈಲಿನ ಅವಸರ, ಅಮ್ಮನಿಗೆ ಚಪ್ಪಲಿ ಸಿಗುತ್ತಿಲ್ಲ. ಅಭ್ಯಾಸದ ಎರಡು ದಿನವೂ ಬರೀ ಕೆಲಸದ ಮಾತೇ ಆಗಿತ್ತು.

ನೀನು ನುಡಿಸಿದ್ದು ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಹದಿನಾಲ್ಕನೆಯ ನಿಮಿಷ ದಾಟಿತು. ಕೊನೆಯವರೆಗೂ ಹದಿನೈದು ರೀಡೂ ನುಡಿದವು, ನಾನು ಕಣ್ಣು ಮುಚ್ಚಿ ಎಣಿಸಿದೆ. ಇಪ್ಪತ್ತೆರಡು ನಿಮಿಷ ಒಂದೇ ಸಮನೆ ಬರೆದಾಗ ನನಗೆ ಕೇಳಿಸಿದ್ದ ಸಂಗೀತ ಇದೇ. ನಡುವೆ ನಿಂತರೆ ಮಾತ್ರ ಅದು ಬರುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ಮಾತು ಕೇಳಬೇಕು. ಅಭ್ಯಾಸದಲ್ಲಿ ಹಾರಿಸಿಬಿಟ್ಟಿದ್ದ ಆ ವಿರಾಮದಲ್ಲಿ ಗಡಿಯಾರ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಮುನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಯಾರೋ ಕೆಮ್ಮಿದರು. ಓಗುರಾ-ಸಾನ್ ಎರಡು ಸಲ ನನ್ನ ಕಡೆ ನೋಡಿದರು. ನನ್ನ ಪಕ್ಕದಲ್ಲಿ ನಿನ್ನ ಅಮ್ಮ ಏನೋ ಗೊಣಗಿದರು, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಭಾಂಗಣ ಅಷ್ಟು ತಣ್ಣಗಿತ್ತೇ? ಅಷ್ಟು ಹೊತ್ತು ಬೇಕಾಗುವ ವಾದ್ಯಕ್ಕೆ ಅಂದು ನಾನು ಒಂದು ಕ್ಷಣವನ್ನೂ ಕೊಡಲಿಲ್ಲವಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ಪ್ರಕಾಶಕರು ಅಚ್ಚಿಗೆ ಕೊಡುವ ಮೊದಲು ಆ ಪುಟದ ಅಂದಾಜು ಅವಧಿ ಕೇಳುತ್ತಿದ್ದಾರೆ. ನಾಲ್ಕು ನಿಮಿಷ ಎಂದು ಹೇಳಲೇ?

ನಿನ್ನ ಕಯಾನೊ

---

ನಾರಾ
ಫೆಬ್ರವರಿ 26

ಕಯಾನೊ,

ಹೇಳಬೇಡ. ನಗುತ್ತಾರೆ. ಒಂದು ನಿಮಿಷ ಎಂದು ಹೇಳು.

ರೈಲು ಹೊರಟ ಮೇಲೆ ಅಮ್ಮ ಡಬ್ಬಿ ಬಿಚ್ಚಿ ಎಲೆಯಲ್ಲಿ ಸುತ್ತಿದ ಸುಶಿ ಕೈಗೆ ಕೊಡುತ್ತ ಶುರು ಮಾಡಿದಳು. “ನಿಮ್ಮಪ್ಪ ಒಂದು ನಿಮಿಷ ಕಾಯಿಸ್ತಿದ್ದ. ನೀನೇನು ಅಲ್ಲಿ ಗೆಣಸು ಬೇಯಿಸ್ತಿದ್ಯಾ?” ನಗೋಯಾ ಬರುವವರೆಗೂ ಬೈದಳು, ಆಮೇಲೆ ನಿದ್ದೆ ಹೋದಳು. ಅವಳನ್ನು ಏಮಾರಿಸಲು ಆಗುವುದಿಲ್ಲ.

ಸಭಾಂಗಣ ತಣ್ಣಗೇನೂ ಇರಲಿಲ್ಲ, ಜನ ತುಂಬಿದ್ದರು. ನಿಮಿಷದೊಳಗೆ ಬಟ್ಟಲು ಕೆನ್ನೆಗೆ ಬೆಚ್ಚಗೆ ತಾಗಿತು. ತಲೆಯಾಡಿಸೋಣ ಎಂದು ಕತ್ತೆತ್ತಿದೆ. ಏಳನೆಯ ಸಾಲಿನಲ್ಲಿ ನೀನು ಕಂಡೆ, ಕೈಯಲ್ಲಿ ಗಡಿಯಾರ, ಮುಖದಲ್ಲಿ ಬಣ್ಣವೇ ಇಲ್ಲ. ಮೊದಲ ಸಲ ನೀನು ನನ್ನನ್ನೇ ನೋಡುತ್ತಿದ್ದೆ, ಎದ್ದು ಹೋಗುವ ಹಾಗಿರಲಿಲ್ಲ. ಇಷ್ಟು ವರ್ಷ ನಾನು ಕಾದೆನಲ್ಲ, ಇವಳೂ ಸ್ವಲ್ಪ ಕಾಯಲಿ ಎನ್ನಿಸಿಬಿಟ್ಟಿತು. ಮತ್ತೆ ತಲೆ ತಗ್ಗಿಸಿ ವಾದ್ಯವನ್ನು ತಿರುಗಿಸುತ್ತ ಕೂತೆ. ಬೇಕೆಂದೇ ಕೂತೆ.

ವಾದ್ಯವನ್ನು ಕಾಯಿಸಿದ್ದು ಒಂದು ನಿಮಿಷ. ಉಳಿದ ಮೂರು ನಿಮಿಷ ಕಾಯಿಸಿದ್ದು ನಿನ್ನನ್ನು. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ವರ್ಷವೂ ಕಾಯಿಸಬೇಕು ಎಂದಿತ್ತು ಕಣೇ. ನೀನು ಅಳುವುದು ಕಾಣಿಸಿತು, ನನ್ನ ಕೈಯಲ್ಲಿ ಆಗಲಿಲ್ಲ, ತಲೆಯಾಡಿಸಿಬಿಟ್ಟೆ.

ನಿನ್ನ ಚಿಗುಸಾ